ಎರಡು ನಾಲಿಗೆ ಬೇಡವೆಂದ ಸ್ವಪ್ನಾ

ಆಂಧ್ರದ ಗಡಿಯೂರು ರಾಯದುರ್ಗದ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸ್ವಪ್ನಾ ಮೇಡಂಗೆ ಜೋರು ದನಿಯಿಲ್ಲ. ಕೊನೇ ಬೆಂಚಿನವರು ಕಿವಿಗೊಟ್ಟು ಕೂರಬೇಕು. ಕೂರುತ್ತಾರೆ ಕೂಡ.

ತಾಯಿ ಪಾಲಮ್ಮ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು, ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿದು ಅವಳನ್ನು ಓದಿಸಿದವಳು. ಮಿಷನ್ನಿಗೆ ಭಾನುವಾರ ಮಾತ್ರ ರಜೆ. ಅಂದು ತಾಯಿ ಮಗಳು ತೆಲುಗು ಬೈಬಲ್ ಹಿಡಿದು ಗುಡ್ಡದ ಕೆಳಗಿನ ತಗಡಿನ ಚರ್ಚಿಗೆ ಹೋಗುತ್ತಿದ್ದರು. ಅಲ್ಲಿಯ ಪಾಸ್ಟರ್ ಚಿರಂಜೀವಿಯವರನ್ನು ಎಲ್ಲರೂ ಅಯ್ಯಗಾರು ಎಂದೇ ಕರೆಯುತ್ತಿದ್ದರು. ಇಂಟರ್, ಅಂದರೆ ಪಿಯುಸಿ, ಓದುವಾಗಲೇ ಸ್ವಪ್ನಾ ಸಂಡೆ ಸ್ಕೂಲಿನ ಮಕ್ಕಳಿಗೆ ಬೈಬಲ್ ಕಥೆ ಹೇಳತೊಡಗಿದ್ದಳು.

ಅನಂತಪುರದಲ್ಲಿ ಎಂ.ಎಸ್ಸಿ.ಗೆ ಸೇರಿದ ಹೊಸತರಲ್ಲೇ ಪ್ರೊಫೆಸರ್ ಗಂಗಾಧರಪ್ಪ, ಜೀವಿಗಳನ್ನೆಲ್ಲ ದೇವರು ಒಂದೊಂದಾಗಿ ಮಾಡಿಟ್ಟನೆಂದು ನಂಬುವವರು ಕೈಯೆತ್ತಿ ಎಂದರು. ಎತ್ತಿದವಳು ಸ್ವಪ್ನಾ ಒಬ್ಬಳೇ. ಯಾಕೆಂದು ಕೇಳಿದಾಗ ಅವಳು ಕೈ ಇಳಿಸಿಬಿಟ್ಟಳು. ತರಗತಿಯೆಲ್ಲ ನಕ್ಕಿತು. ಗಂಗಾಧರಪ್ಪ ದೇವರನ್ನು ನಂಬದವರು, ಆದರೆ ನಗಲಿಲ್ಲ. ಉತ್ತರ ಸಿಕ್ಕಾಗ ಬಂದು ಹೇಳು ಎಂದಷ್ಟೇ ಹೇಳಿ ಪಾಠ ಮುಂದುವರಿಸಿದರು.

ಊರಿಗೆ ಬಂದಾಗ ಅವಳು ಏನು ಮಾಡಲೆಂದು ಅಯ್ಯಗಾರನ್ನು ಕೇಳಿದಳು. ಪರೀಕ್ಷೆಯಲ್ಲಿ ಅವರದನ್ನು ಬರಿ, ಮನಸ್ಸಿನಲ್ಲಿ ನಮ್ಮದನ್ನು ಇಟ್ಟುಕೋ ಎಂದರು. ಪ್ರೀತಿಯಿಂದಲೇ ಕೊಟ್ಟ ಸಲಹೆ, ಆದರೂ ಅವಳ ಗಂಟಲಲ್ಲಿ ಇಳಿಯಲಿಲ್ಲ. ಸುಳ್ಳು ಸಾಕ್ಷಿ ಹೇಳಬಾರದೆಂದು ಮಕ್ಕಳಿಗೆ ಕಲಿಸಿ, ತಾನು ಕಾಗದದ ಮೇಲೊಂದು ಎದೆಯೊಳಗೊಂದು ಇಟ್ಟುಕೊಳ್ಳುವುದು ಹೇಗೆ?

ಪಟ್ಟು ಹಿಡಿದು ಓದಿದಳು. ಲ್ಯಾಬಿನಲ್ಲಿ ಬಾವಲಿಯ ರೆಕ್ಕೆಯ ಎಲುಬನ್ನೂ ಮನುಷ್ಯನ ಕೈಯೆಲುಬನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ತೋಳು, ಅವೇ ಬೆರಳುಗಳು. ವಿಕಾಸವಾದ ನಿಜವೆಂದು ಒಪ್ಪದಿರಲು ಆಗಲಿಲ್ಲ. ಒಪ್ಪಿದ ಮೇಲೆ ದೇವರು ಕೈಬಿಟ್ಟು ಹೋದಾನೆಂಬ ಅಂಜಿಕೆಯಲ್ಲಿ ಕೆಲವು ವಾರ ಪ್ರಾರ್ಥನೆಗೇ ಕೂರಲಿಲ್ಲ. ಕೊನೆಗೊಂದು ಬೆಳಿಗ್ಗೆ ಹಾಸ್ಟೆಲ್ಲಿನ ಮಂಚದ ಪಕ್ಕ ಮೊಣಕಾಲೂರಿದಾಗ ಮಾತು ತಾನಾಗಿ ಬಂತು. ಎಲ್ಲಿಗೂ ಹೋಗದವನ ಜೊತೆ ಮಾತಾಡಿದಂತಿತ್ತು.

ವಿಕಾಸವಾದ ಒಪ್ಪಿದ್ದನ್ನೂ ದೇವರನ್ನು ಬಿಡದ್ದನ್ನೂ ಅವಳು ಗಂಗಾಧರಪ್ಪನವರಿಗೆ ಹೇಳಿದಳು. ಮಡಕಶಿರದ ಕಡೆಯ, ಕನ್ನಡ ಮನೆಮಾತಿನ ಅವರು ಕನ್ನಡದಲ್ಲೇ ಕೇಳಿದರು: "ಎರಡನ್ನೂ ಒಂದೇ ತಲೇಲಿ ಹೆಂಗಮ್ಮ ಇಟ್ಕಂತೀಯ?"

"ಪೂರ್ತಿ ಗೊತ್ತಿಲ್ರಿ ಸಾರ್. ಆದ್ರ ಒಂದನ್ನ ಮುಚ್ಚಿಟ್ಟು ಇನ್ನೊಂದನ್ನ ಹೇಳಂಗಿಲ್ಲ."

"ನಾನಂತೂ ಒಪ್ಪಲ್ಲ ಕಣಮ್ಮ. ಆದ್ರೆ ನೀನು ಸುಳ್ಳು ಹೇಳ್ತಿಲ್ಲ," ಎಂದ ಅವರು, ಅವಳ ಮಾತನ್ನು ಇಡೀ ತರಗತಿಯ ಮುಂದೆ ಅವಳಿಂದಲೇ ಹೇಳಿಸಿದರು. ಈ ಸಲ ಯಾರೂ ನಗಲಿಲ್ಲ.

ಚರ್ಚಿನಲ್ಲಿ ಅಷ್ಟು ಸಲೀಸಾಗಲಿಲ್ಲ. ಅವಳೇ ಹೋಗಿ ತಿಳಿಸಿದಾಗ ಅಯ್ಯಗಾರು ಹೆದರಿದರು. ಮಕ್ಕಳ ತಲೆ ಕೆಟ್ಟೀತೆಂದು ಸಂಡೆ ಸ್ಕೂಲನ್ನು ಅವಳಿಂದ ಬಿಡಿಸಿದರು. ಬೇರೆ ಚರ್ಚಿಗೆ ಹೋಗೋಣವೆಂದು ಪಾಲಮ್ಮ ಅತ್ತಳು. ಸ್ವಪ್ನಾ ಒಪ್ಪಲಿಲ್ಲ. ರಾಯದುರ್ಗದಲ್ಲೇ ಕೆಲಸ ಸಿಕ್ಕಿದ ಮೇಲೂ ಪ್ರತಿ ಭಾನುವಾರ ಅದೇ ಚರ್ಚಿಗೆ ಹೋಗಿ, ಹಿಂದಿನ ಸಾಲಿನ ಚಾಪೆಯಲ್ಲಿ ಕೂತು, ಎಲ್ಲರೊಂದಿಗೆ ಹಾಡಿ ಬರುತ್ತಿದ್ದಳು.

ಹೀಗಿರುವಾಗ ಅಯ್ಯಗಾರ ಮಗಳು ಮೌನಿಕಾ ಬಿ.ಎಸ್ಸಿ. ಓದಲು ಸ್ವಪ್ನಾಳ ತರಗತಿಗೇ ಬಂದಳು. ಎರಡನೇ ವರ್ಷ ಅವಳು ತನಗೆ ನಂಬಿಕೆಯಿಲ್ಲವೆಂದು ಮನೆಯಲ್ಲಿ ಹೇಳಿ, ಚರ್ಚಿಗೆ ಬರುವುದನ್ನು ಬಿಟ್ಟಳು. ಒಂದು ಸಂಜೆ ಅಯ್ಯಗಾರು ಅವಳನ್ನು ಕರೆದುಕೊಂಡು ಸ್ವಪ್ನಾಳ ಮನೆಗೆ ಬಂದರು. ಪಾಲಮ್ಮ ಚಹಾ ಕೊಟ್ಟು, ಮಿಷನ್ನಿಗೆ ಹೋಗಿ ಕೂತಳು.

"ನೀನ ಹೇಳಿದ್ರ ಕೇಳ್ತಾಳವ್ವ," ಎಂದರು ಅಯ್ಯಗಾರು.

"ನಂಬು ಅಂತ ಹೇಳಂಗಿಲ್ರಿ ಅಯ್ಯಗಾರು. ಆಕಿ ಹೇಳೋದನ್ನ ಕೇಳ್ತೀನಿ. ನೀವೂ ಕುಂದರ್ರಿ."

ವಿಕಾಸವಾದದ ಪಾಠದಿಂದಲೇ ಮಗಳು ಕೆಟ್ಟಳೆಂದು ಅಯ್ಯಗಾರು ತಿಳಿದಿದ್ದರು. ಮೌನಿಕಾ ಬಾಯಿ ಬಿಟ್ಟಾಗ ಬಂದದ್ದೇ ಬೇರೆ.

"ನಿಜ ಹೇಳಿದ್ದಕ್ಕ ನಿಮ್ಮನ್ನ ಹೊರಗ ಹಾಕಿದ್ರಲ್ಲಕ್ಕ. ಅಂಥಾ ದೇವ್ರು ನನಗ್ಯಾಕ ಅನ್ನಿಸ್ತು."

ಅಯ್ಯಗಾರು ತಲೆ ತಗ್ಗಿಸಿದರು. ಅವರ ಮುಖ ನೋಡಿ ಸ್ವಪ್ನಾಳಿಗೆ ಸಂಕಟವಾಯಿತು.

"ಹೊರಗ ಎಲ್ಲಿ ಹೋಗೀನವ್ವ? ಭಾನುವಾರ ನಾನು ಅಲ್ಲೇ ಕುಂತಿರ್ತೀನಿ," ಎಂದಳು. "ನಂಬಬೇಕೋ ಬ್ಯಾಡೋ ನೀನ ನೋಡ್ಕ. ಅವಸರ ಮಾಡಬ್ಯಾಡ. ನನ್ನ ಸಲುವಾಗಿ ಮಾತ್ರ ಬಿಡಬ್ಯಾಡ."

ಮುಂದಿನ ಭಾನುವಾರ ಉಪದೇಶ ಶುರು ಮಾಡುವ ಮುನ್ನ ಅಯ್ಯಗಾರು, ಹೆದರಿಕೆಯಿಂದ ತಾನೊಂದು ತಪ್ಪು ಮಾಡಿದ್ದೆನೆಂದು ಸಭೆಗೆ ತಿಳಿಸಿ, ಸ್ವಪ್ನಾಳ ಹೆಸರು ಹಿಡಿದು ಕ್ಷಮೆ ಕೇಳಿದರು. ಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಆರಾಧನೆ ಮುಗಿದ ಮೇಲೆ ಕಾಲೇಜು ಓದುವವರು ಬೇವಿನ ಮರದ ಕೆಳಗೆ ಸ್ವಪ್ನಾಳ ಸುತ್ತ ಸೇರುತ್ತಾರೆ. ಅಲ್ಲಿ ಏನು ಬೇಕಾದರೂ ಕೇಳಬಹುದು. ಮೌನಿಕಾ ಆರಾಧನೆಗೆ ಇನ್ನೂ ಬರುವುದಿಲ್ಲ, ಆದರೆ ಆ ಹೊತ್ತಿಗೆ ಸರಿಯಾಗಿ ಸ್ಕೂಟಿ ನಿಲ್ಲಿಸಿ ಬಂದು ಕೂರುತ್ತಾಳೆ. ಅಪ್ಪನೂ ಕುರ್ಚಿ ಎಳೆದುಕೊಂಡು ಬರುತ್ತಾರೆ. ಇಬ್ಬರೂ ವಾದಕ್ಕೆ ಬಿದ್ದರೆ ಊಟದ ಹೊತ್ತು ಮೀರಿದ್ದೂ ಯಾರಿಗೂ ತಿಳಿಯುವುದಿಲ್ಲ.