ನೀಲಿ ಅಂಗಿಯ ಸಾಕ್ಷಿ

ನಾನು ನೋಡಿರಲಿಲ್ಲ, ರಂಗಣ್ಣ. ಅತ್ತಿಗುಂಡಿಯ ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದ ದಿನ ನೀವು ಅಲ್ಲಿ ಜೇನಿಗೆ ಹೊಗೆ ಹಾಕುತ್ತಿದ್ದಿರಿ ಎಂದು ಟಿವಿಯಲ್ಲಿ ಹೇಳಿದೆನಲ್ಲ — ಅದು ಸುಳ್ಳು. ಸುಳ್ಳೆಂದು ತಿಳಿಯುವುದಕ್ಕೇ ನನಗೆ ಇಷ್ಟು ವರ್ಷ ಬೇಕಾಯಿತು.

ಆಗಷ್ಟೇ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಅಂಗಡಿಯ ಟಿವಿ ಮುಂದೆ ಕೂತವರಿಗೆಲ್ಲ, ತೋರಿಸಿದ್ದನ್ನೆಲ್ಲ ನಂಬಬೇಡಿ ಎಂದು ಪಾಠ ಹೇಳುತ್ತಿದ್ದೆ. “ಹಂಗಾದ್ರೆ ನಿನ್ನ ನಂಬಬೇಕಾ ಮಾರಾಯ?” ಎಂದು ನೀವು ನಕ್ಕಿದ್ದಿರಿ.

ಬೆಂಕಿ ಆರಿದ ಮೇಲೆ ಆ ಅಂಗಡಿಯ ಮುಂದೆಯೇ ಟಿವಿಯವರ ಕ್ಯಾಮೆರಾ ಬಂತು. ಓದಿದವನೆಂದು ಊರವರು ನನ್ನನ್ನೇ ಮುಂದೆ ದೂಡಿದರು. ಗುಡ್ಡದಲ್ಲಿ ಹೊಗೆ ಎದ್ದದ್ದು ಕಂಡಿತ್ತು. ಜೇನಿಗೆ ಹೋಗಬೇಕು ಎಂದು ನೀವು ಹೇಳಿದ್ದೂ ನೆನಪಿತ್ತು. ರಂಗಣ್ಣ ಹೋಗಿರಬಹುದು ಎಂದೆ. ವರದಿಗಾರ ಮೈಕು ಕೆಳಗಿಳಿಸಿದ.

“ಇರಬಹುದು ಅಂದ್ರೆ ಟಿವಿಗೆ ಆಗಲ್ಲ ಸರ್. ನೋಡಿದ್ರಾ, ಇಲ್ವಾ?”

ಸುತ್ತ ಜನ ನಿಂತಿದ್ದರು. ಗೊತ್ತಿಲ್ಲ ಎನ್ನಲು ನನಗೆ — ನನ್ನಂಥವನಿಗೆ — ನಾಚಿಕೆಯಾಯಿತು.

“ನೋಡಿದೆ,” ಎಂದೆ.

ಅದನ್ನೇ, ಪಕ್ಕದಲ್ಲಿ ಬಂಡೆಯ ಬಳಿ ಬಗ್ಗಿ ಹೊಗೆ ಹಾಕುವವನೊಬ್ಬನ ಚಿತ್ರ ಸೇರಿಸಿ, ಮತ್ತೆ ಮತ್ತೆ ತೋರಿಸಿದರು. ಫಾರೆಸ್ಟಿನವರು ನಿಮ್ಮನ್ನು ಕರೆದೊಯ್ದು ವಿಚಾರಿಸಿ ಬಿಟ್ಟರು. ಆದರೆ ನೀವು ದುಡಿಯುತ್ತಿದ್ದ ಎಸ್ಟೇಟಿನಲ್ಲಿ ಮತ್ತೆ ಕೆಲಸ ಕೊಡಲಿಲ್ಲ. ಹಾದಿಯಲ್ಲಿ ಮಕ್ಕಳು ‘ಬೆಂಕಿ ರಂಗ’ ಎಂದು ಕೂಗಿದವು. ಊರು ಬಿಡುವ ಮೊದಲು ನೀವು ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದಿರಿ.

“ನಾ ಅವತ್ತು ಮಲ್ಲಂದೂರಲ್ಲಿ ಇದ್ದೆ ಮಾರಾಯ. ನೀ ನೋಡಿದ್ದು ಯಾರ್ನ?”

ನಾನು ಪಕ್ಕಕ್ಕೆ ಸರಿದು ನಡೆದುಬಿಟ್ಟೆ. ಹೇಗೆ ಹೇಳಲಿ — ಅಷ್ಟರಲ್ಲಿ ನನಗೆ ನೀವು ನಿಜವಾಗಿ ಕಾಣತೊಡಗಿದ್ದಿರಿ. ಬಂಡೆ, ಹೊಗೆ, ಬಗ್ಗಿದ ನಿಮ್ಮ ಬೆನ್ನು — ಕಣ್ಣು ಮುಚ್ಚಿದರೆ ಎಲ್ಲ ಸ್ಪಷ್ಟ. ಆ ಸ್ಪಷ್ಟತೆಯನ್ನೇ ಸತ್ಯವೆಂದುಕೊಂಡು ಬದುಕಿದೆ. ಮೊನ್ನೆ ಯಾವುದೋ ಕಾಳ್ಗಿಚ್ಚಿನ ಸುದ್ದಿ ನೋಡುತ್ತಿದ್ದಾಗ ಥಟ್ಟನೆ ಹೊಳೆಯಿತು: ನನ್ನ ಆ ನೆನಪಿನ ಮೂಲೆಯಲ್ಲಿ ನಾನೂ ಇದ್ದೇನೆ! ಕ್ಯಾಮೆರಾ ಮುಂದೆ ನಿಂತಾಗಿನ ಅದೇ ನೀಲಿ ಅಂಗಿ ತೊಟ್ಟು, ಗುಡ್ಡದ ಕಡೆ ಕೈ ತೋರಿಸುತ್ತ. ಕಣ್ಣಾರೆ ನೋಡಿದವನಿಗೆ ತನ್ನ ಮುಖ ಹೇಗೆ ಕಂಡೀತು? ಅದು ನನ್ನ ನೆನಪಲ್ಲ, ರಂಗಣ್ಣ. ಟಿವಿಯದು. ನಾನೇ ಅವರಿಗೆ ಕೊಟ್ಟು, ಅವರಿಂದಲೇ ವಾಪಸು ಪಡೆದದ್ದು. ಇನ್ನು ನನ್ನ ತಲೆಯಲ್ಲಿರುವುದರಲ್ಲಿ ಎಷ್ಟು ಹೀಗೆಯೋ —

ನೀವೀಗ ಹೊರನಾಡಿನಲ್ಲಿ ಯಾವುದೋ ಲಾಡ್ಜಿನಲ್ಲಿ ಕೆಲಸಕ್ಕಿದ್ದೀರಂತೆ. ಮೊದಲು ಅದೇ ಅಂಗಡಿಯ ಮುಂದೆ, ಅದೇ ಜನರೆದುರು, ಅವತ್ತು ಬಾಯಿಗೆ ಬಾರದ ಮಾತನ್ನು ಹೇಳುತ್ತೇನೆ. ಆಮೇಲೆ ನಿಮ್ಮಲ್ಲಿಗೆ ಬರುತ್ತೇನೆ. ನೀವು ನನ್ನ ಮುಖ ನೋಡುತ್ತೀರೋ ಇಲ್ಲವೋ — ಗೊತ್ತಿಲ್ಲ.