ಎಂತಕ್ಕೆ ಪ್ರಿಯಂವದಕ್ಕ
ಮಣಿಪಾಲದ ಲೈಬ್ರರಿಯಿಂದ ನಿವೃತ್ತರಾದ ಪ್ರಿಯಂವದಕ್ಕ ಈಗ ಅಂತರ್ಜಾಲದ ವಿಶ್ವಕೋಶದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆಲ್ಲ ಪುಟದ ಬದಿಯಲ್ಲಿ ಬರುವ ಒಂದೇ ನಮೂನೆಯ ಮಾಹಿತಿ ಪೆಟ್ಟಿಗೆ ರೂಪಿಸುತ್ತಿದ್ದಾರೆ. ಯಾರು ಯಾವ ಸಾಲು ಸೇರಿಸಿದರೂ ಅವರದು ಒಂದೇ ಮಾತು: "ಅದು ಎಂತಕ್ಕೆ?" ಉದ್ಘಾಟಿಸಿದ ಮಂತ್ರಿಗಳು ಹೋದರು, ಧ್ಯೇಯವಾಕ್ಯ ಹೋಯಿತು, ಲಾಂಛನವೂ ಉಳಿಯಲಿಲ್ಲ. ಇನ್ನಂಜೆಯ ನೆಂಟರಿಂದ ಮದುವೆಯ ಕರೆಯೋಲೆ ಬಂದರೆ ಅದರಲ್ಲೂ ನಾಲ್ಕು ಸಾಲು ಹೊಡೆದುಹಾಕಿಯೇ ಓದುತ್ತಾರೆ. ಗಂಡ ಯಜ್ಞನಾರಾಯಣರು ಸಾರಿನ ಬಗ್ಗೆ ಎರಡನೇ ವಾಕ್ಯ ಆಡುವ ಗೋಜಿಗೇ ಹೋಗುವುದಿಲ್ಲ. ಇಷ್ಟೆಲ್ಲ ಕತ್ತರಿಸಿದ ಮೇಲೆ ಪೆಟ್ಟಿಗೆಯ ಕೊನೆಗೆ ಪ್ರಿಯಂವದಕ್ಕನೇ ಒಂದು ಸಾಲು ಸೇರಿಸಿದರು: ಭಾನುವಾರ ತೆರೆದಿರುವ ಗೇಟು. ಜೊತೆಗೆ ಕೆಲಸ ಮಾಡುವ ನಂದನ, "ಇದು ಎಂತಕ್ಕೆ ಅಕ್ಕ?" ಎಂದು ಅವರ ಮಾತನ್ನು ಅವರಿಗೇ ತಿರುಗಿಸಿದ. "ಒಂದು ಭಾನುವಾರ ಆಸ್ಪತ್ರೆಯ ಮುಂದಿನ ಗೇಟಿಗೆ ಬೀಗ ಉಂಟು ಅಂತ ಅಮ್ಮನನ್ನು ವಾಪಸು ಕರೆದುಕೊಂಡು ಬಂದೆ ಮಾರಾಯ," ಎಂದರು ಪ್ರಿಯಂವದಕ್ಕ. "ಹಿಂದಿನದು ತೆರೆದೇ ಇತ್ತಂತೆ."