ಬಿಲ್ಲಿನಲ್ಲಿ ಬರೆಯದ ಸವೆತ

2018ರ ಹೊತ್ತಿಗೆ ಪುತ್ತೂರಿನಲ್ಲಿ ಪರವಾನಗಿ ಪಡೆದ ಕೋವಿ ರಿಪೇರಿಯವನಾಗಿ ನನಗೆ ಇಪ್ಪತ್ತೇಳು ವರ್ಷ ಆಗಿತ್ತು. ಅದು ವಿಧಾನಸಭಾ ಚುನಾವಣೆಯ ವರ್ಷ. ಚುನಾವಣೆ ಬಂತೆಂದರೆ, ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡವರು ಅದನ್ನು ಠಾಣೆಗೆ ಒಪ್ಪಿಸಬೇಕು. ಎಲ್ಲ ಮುಗಿದ ಮೇಲೆ ವಾಪಸು ತರಬೇಕು. ವಾರಗಟ್ಟಲೆ ಠಾಣೆಯ ಮೂಲೆಯಲ್ಲಿ ನಿಂತ ಕೋವಿಗಳಿಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಜೂನ್ ತಿಂಗಳಲ್ಲಿ ಸುಳ್ಯ, ಕಡಬ, ಗುಂಡ್ಯದ ಕಡೆಯಿಂದೆಲ್ಲ ಗಿರಾಕಿಗಳು ಬರುತ್ತಿದ್ದರು.

ಆಲಂಕಾರಿನ ಕಡೆಯ ಕುಶಾಲಪ್ಪ ಗೌಡರು ಬಂದದ್ದೂ ಹಾಗೆಯೇ. ಹೆಂಡತಿ ಸರೋಜಕ್ಕನನ್ನು ಕಣ್ಣಿನ ಡಾಕ್ಟರರಿಗೆ ತೋರಿಸುವುದಿತ್ತು, ಜೊತೆಗೆ ಕೋವಿಯನ್ನೂ ತಂದಿದ್ದರು. ನೆರೆಮನೆಯ ಹಮೀದ್ ತನ್ನ ಪಿಕಪ್‌ನಲ್ಲಿ ಇಬ್ಬರನ್ನೂ ಕರೆತಂದು, ಅಂಗಡಿಯ ಎದುರು ಗಾಡಿ ನಿಲ್ಲಿಸಿ ಅದರಲ್ಲೇ ಕುಳಿತಿದ್ದ.

ಅದು ಗೌಡರ ಅಜ್ಜನ ಕಾಲದ ರೈಫಲ್. ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬಿ, ಹಿಂದೆ ಒಂದು ಸಣ್ಣ ಕೇಪು ಇಟ್ಟು ಹೊಡೆಯುವಂಥದ್ದು. ಇಂಥ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪಾಗಿರುತ್ತದೆ; ಇದರಲ್ಲಿ ಗುಂಡನ್ನು ತಿರುಗಿಸುವ ಗೆರೆಗಳಿದ್ದವು. ಅಂಥದ್ದು ನನ್ನ ಕೈಗೆ ಬಂದದ್ದು ಮೂರೋ ನಾಲ್ಕೋ. ಗೌಡರ ದೂರು ಒಂದೇ, ಗುರಿ ತಪ್ಪುತ್ತದೆ ಎಂಬುದು.

ಗೆರೆಗಳು ಸವೆದಿದ್ದದ್ದು ನಿಜ. ಆದರೆ ನನ್ನನ್ನು ಹೆದರಿಸಿದ್ದು ಅದಲ್ಲ. ಇಂಥ ಕೋವಿಯಲ್ಲಿ ಕೇಪಿಗೆ ಬಡಿದು ಕಿಡಿ ಹಾರಿಸುವ ಹ್ಯಾಮರ್‌ಗೆ ಎರಡು ನಿಲುಗಡೆಗಳಿರುತ್ತವೆ. ಪೂರ್ತಿ ಎಳೆದರೆ ಹೊಡೆಯಲು ತಯಾರು. ಅರ್ಧ ಎಳೆದು ನಿಲ್ಲಿಸುವುದು ‘ಹಾಫ್ ಕಾಕ್’. ತುಂಬಿದ ಕೋವಿ ಹಿಡಿದು ನಡೆಯುವಾಗ ಅದೊಂದೇ ರಕ್ಷಣೆ. ಹ್ಯಾಮರ್‌ನ ಹಿಂದೆ, ಒಳಗಡೆ, ಟಂಬ್ಲರ್ ಎಂಬ ಉಕ್ಕಿನ ಬಿಲ್ಲೆ ಇರುತ್ತದೆ. ಅದರ ಕಚ್ಚಿನೊಳಗೆ ಸಿಯರ್ ಎಂಬ ಸಣ್ಣ ಸನ್ನೆಕೋಲಿನ ಮೂತಿ ಕೂತರೆ ಹ್ಯಾಮರ್ ನಿಲ್ಲುತ್ತದೆ. ನಾನು ಇವೆಲ್ಲ ಇರುವ ಲಾಕ್ ಬಿಚ್ಚಿ, ಎಣ್ಣೆ ಕೊಳೆ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಹಾಫ್ ಕಾಕ್ ಕಚ್ಚಿನ ತುಟಿ ಸವೆದು ಉರುಟಾಗಿತ್ತು. ಸಿಯರ್‌ನ ಮೂತಿಯನ್ನು ಹಿಂದೆ ಯಾರೋ ಅರದಿಂದ ಉಜ್ಜಿದ್ದರು. ಮತ್ತೆ ಜೋಡಿಸಿ, ಖಾಲಿ ಕೋವಿಯನ್ನು ಹಾಫ್ ಕಾಕ್‌ನಲ್ಲಿಟ್ಟು ಮರದ ಸುತ್ತಿಗೆಯಿಂದ ಹ್ಯಾಮರ್ ಅನ್ನು ಮೆಲ್ಲನೆ ತಟ್ಟಿದೆ. ಹತ್ತು ಸಲದಲ್ಲಿ ನಾಲ್ಕು ಸಲ ಅದು ಟ್ರಿಗರ್ ಎಳೆಯದೆಯೇ ಬಿತ್ತು; ತುಂಬಿದ್ದರೆ ಗುಂಡು ಹಾರುತ್ತಿತ್ತು.

ಗೌಡರನ್ನು ಒಳಗೆ ಕರೆದು ತೋರಿಸಿದೆ. ಹೊಸ ಟಂಬ್ಲರನ್ನು ಕೈಯಲ್ಲೇ ಮಾಡಬೇಕು, ಎರಡು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಇದಕ್ಕೆ ಮದ್ದು ತುಂಬಲೇಬೇಡಿ ಎಂದೆ. ಸರೋಜಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಗೌಡರು ತಲೆಯಾಡಿಸಿದರು. ಹಂದಿಗಳ ಕಾಟ ಕಳೆಯಲಿ, ಆಮೇಲೆ ತಂದುಕೊಡುತ್ತೇನೆ ಎಂದರು. ಬಿಲ್ ಬರೆಯಲು ಕೂತಾಗ ಧ್ವನಿ ತಗ್ಗಿಸಿದರು.

“ಅದನ್ನು ಬಿಲ್ಲಿನಲ್ಲಿ ಬರೀಬೇಡಿ ಮಾರಾಯ್ರೆ. ಲೈಸನ್ಸ್ ರಿನ್ಯೂವಲ್ ಹತ್ರ ಬಂತು. ಕೋವಿ ಹಾಳಾಗಿದೆ ಅಂತ ಕಂಡ್ರೆ ಲೈಸನ್ಸೇ ಹೋಗುದು. ಮತ್ತೆ ಸಿಗ್ಲಿಕ್ಕುಂಟಾ?”

ಹೊಸ ಪರವಾನಗಿಗೆ ಜನ ವರ್ಷಗಟ್ಟಲೆ ಅಲೆಯುವುದನ್ನು ಕಂಡವನು ನಾನು. ‘ಸರ್ವಿಸ್, ಆಯಿಲಿಂಗ್’ ಎಂದಷ್ಟೇ ಬರೆದು ಸಹಿ ಹಾಕಿದೆ. ಕೋವಿಯನ್ನು ಅವರ ಕೈಗೇ ಕೊಟ್ಟೆ.

ಆಗಸ್ಟ್‌ನ ಒಂದು ಸಂಜೆ ಗೆಣಸಿನ ಗದ್ದೆಗೆ ಹಂದಿ ಇಳಿದಿದೆ ಎಂದು ಗೌಡರು ಹಮೀದನನ್ನು ಕರೆದುಕೊಂಡು ಹೋದರು. ತುಂಬಿದ ಕೋವಿಯನ್ನು ಹಾಫ್ ಕಾಕ್‌ನಲ್ಲಿಟ್ಟು ಪಿಕಪ್‌ಗೆ ಒರಗಿಸಿ ಬೀಡಿ ಹಚ್ಚಿದರು. ಕೋವಿ ಜಾರಿತು, ಹ್ಯಾಮರ್ ಚಕ್ರದ ಮೇಲಿನ ತಗಡಿಗೆ ತಾಗಿತು. ಗುಂಡು ಹಮೀದನ ಬಲ ಮೊಣಕಾಲಿಗೆ ಹೊಕ್ಕಿತು. ಮಂಗಳೂರಿಗೆ ಒಯ್ದರು. ಕಾಲು ಉಳಿಯಲಿಲ್ಲ.

ನಾಲ್ಕನೆಯ ದಿನ ನನ್ನನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಆ ಕೋವಿ, ಪಕ್ಕದಲ್ಲಿ ನನ್ನ ಬಿಲ್ಲು. ಪುತ್ತೂರಿನಲ್ಲಿ ಸರ್ವಿಸ್ ಮಾಡಿಸಿದ್ದೆ, ಎಲ್ಲ ಸರಿ ಇದೆ ಎಂದೇ ರಿಪೇರಿಯವರು ಕೊಟ್ಟದ್ದು ಎಂದು ಗೌಡರು ಹೇಳಿಕೆ ಕೊಟ್ಟಿದ್ದರು. ಬಿಚ್ಚಿ ನೋಡಿದೆ, ಅದೇ ಕಚ್ಚು, ಅದೇ ಸವೆತ. ನಾನು ಎಚ್ಚರಿಸಿದ್ದೆ ಎಂದೆ. ಅಧಿಕಾರಿ ಬಿಲ್ಲನ್ನು ನನ್ನ ಕಡೆ ತಳ್ಳಿ, ಎಲ್ಲಿ ಬರೆದಿದ್ದೀರಿ ಎಂದು ಕೇಳಿದರು.

ನಾನು ಎಚ್ಚರಿಸಿದ್ದಕ್ಕೆ ಸಾಕ್ಷಿಯಾಗಿ ಉಳಿದದ್ದು ಸರೋಜಕ್ಕ ಒಬ್ಬರೇ. ಅವರ ಮನೆಗೆ ಹೋದೆ. ಗೌಡರು ಹೊರಗೆ ಬರಲಿಲ್ಲ. ಸರೋಜಕ್ಕ ಜಗಲಿಯಲ್ಲಿ ನಿಂತೇ ಮಾತಾಡಿದರು.

“ನೀವು ಹೇಳಿದ್ದು ನಂಗೆ ನೆನಪುಂಟು. ಇಲ್ಲ ಅನ್ನುದಿಲ್ಲ. ಆದ್ರೆ ನಾನು ಹಾಗೆ ಹೇಳಿದ್ರೆ ಇವರು ಜೈಲಿಗೆ ಹೋಗ್ತಾರೆ. ನಿಮ್ಮದು ಹೋದ್ರೆ ಅಂಗಡಿ ಮಾತ್ರ ಅಲ್ವಾ?”

ಅವರ ಮೇಲೆ ಸಿಟ್ಟು ಬಂತು. ಗೇಟು ದಾಟುವಷ್ಟರಲ್ಲಿ ಆ ಸಿಟ್ಟು ನನ್ನ ಮೇಲೆಯೇ ತಿರುಗಿತು. ಅವರು ಗಂಡನಿಗಾಗಿ ಸುಳ್ಳು ಹೇಳುತ್ತಿದ್ದರು. ನಾನು ಸಹಿ ಹಾಕಿದ್ದು ಯಾರಿಗಾಗಿ? ಗಿರಾಕಿ ಬೇಸರ ಮಾಡಿಕೊಳ್ಳಬಾರದೆಂದು.

ನನ್ನ ಪರವಾನಗಿ ಹನ್ನೊಂದು ತಿಂಗಳು ಅಮಾನತಿನಲ್ಲಿತ್ತು. ಊರಿನ ಹಿರಿಯರು ಕೂತು ಎರಡು ಮನೆಗಳ ನಡುವೆ ರಾಜಿ ಮಾಡಿಸಿದರು. ಹಮೀದ್ ಒಪ್ಪಿದ, ಒಪ್ಪದೆ ನೆರೆಯಲ್ಲಿ ಬದುಕುವುದು ಹೇಗೆ? ನಾನು ಅವನನ್ನು ನೋಡಲು ಹೋದಾಗ ಪಿಕಪ್ ಮಾರಿ ಆಗಿತ್ತು. ನಡೆದದ್ದನ್ನೆಲ್ಲ ಹೇಳಿದೆ, ಕ್ಷಮೆ ಕೇಳಿದೆ. ಅವನು ಊರುಗೋಲನ್ನು ಗೋಡೆಗೆ ಒರಗಿಸಿದ.

“ನೀವು ಗೌಡ್ರಿಗೆ ಹೇಳಿದ್ರಿ, ಆಯ್ತು. ಸರೋಜಕ್ಕನಿಗೂ ಗೊತ್ತಿತ್ತು. ನಾನು ಹೊರಗೆ ಗಾಡಿಯಲ್ಲೇ ಇದ್ದೆ ಅಲ್ವಾ, ನನಗೆ ಮಾತ್ರ ಯಾರೂ ಹೇಳ್ಲಿಲ್ಲ.”

ಕೋವಿಯ ದೋಷ ಅದರ ಮಾಲೀಕನ ಗುಟ್ಟಲ್ಲ, ಅದರ ಪಕ್ಕದಲ್ಲಿ ನಿಲ್ಲುವವನಿಗೂ ಅದನ್ನು ತಿಳಿಯುವ ಹಕ್ಕುಂಟು ಎಂಬುದನ್ನು ಇಪ್ಪತ್ತೇಳು ವರ್ಷದ ಕೆಲಸ ನನಗೆ ಕಲಿಸಿರಲಿಲ್ಲ. ಈಗ ಕಂಡದ್ದನ್ನೆಲ್ಲ ಬರೆಯುತ್ತೇನೆ. ದೋಷ ಇದ್ದರೆ ಕೋವಿಗೆ ಅದನ್ನು ಬರೆದ ಕೆಂಪು ಚೀಟಿ ಕಟ್ಟಿ, ಜೊತೆಗೆ ಬಂದವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತೇನೆ. ಗಿರಾಕಿಗಳು ಕಡಿಮೆಯಾಗಿದ್ದಾರೆ.

ಕಳೆದ ವರ್ಷ ಬೆಟ್ಟಂಪಾಡಿ ಕಡೆಯ ಒಬ್ಬರು ಅಂಥದ್ದೇ ಸವೆದ ಸಿಯರ್ ಇರುವ ಕೋವಿ ತಂದಿದ್ದರು. ಬರೆಯಬೇಡಿ ಎಂದರು, ಬರೆದೆ. ಚೀಟಿಯನ್ನು ನನ್ನ ಎದುರೇ ಹರಿದು ಕೋವಿ ತೆಗೆದುಕೊಂಡು ಹೋದರು. ಹದಿನೈದು ದಿನದ ನಂತರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, ಬೇರೆ ಕಡೆ ಎಲ್ಲ ಸರಿ ಇದೆ ಎಂದು ಬರೆದುಕೊಟ್ಟರು ಎಂದು ನಗುತ್ತಾ ಹೇಳಿದರು.